ಅಂಕಿಯ ಹಿಂದೆ ಏನಿದೆ ನೋಡಿ: ಅಕೌಂಟ್ಸ್ ಕೆಲಸಕ್ಕೆ ಸೇರುವವರಿಗೆ ಒಂದು ಮಾರ್ಗದರ್ಶಿ

ಬಿ.ಕಾಂ ಮುಗಿಸಿ ನಮ್ಮಲ್ಲಿಗೆ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗೆ ಮೊದಲ ದಿನ ನಾನು ಲೆಕ್ಕ ಬರೆಯುವ ತಂತ್ರಾಂಶವಾದ ಟ್ಯಾಲಿ ತೆರೆಯಲು ಬಿಡುವುದಿಲ್ಲ. ಒಂದು ಕಟ್ಟು ಖರೀದಿ ಬಿಲ್ ಕೈಗೆ ಕೊಟ್ಟು ಗೋದಾಮಿಗೆ ಕಳಿಸುತ್ತೇನೆ. ಬಿಲ್ಲಿನಲ್ಲಿ 40 ಪೆಟ್ಟಿಗೆ ಎಂದಿದ್ದರೆ 40 ಪೆಟ್ಟಿಗೆಯೂ ಇಳಿದಿವೆಯೇ, ಇಳಿಸಿಕೊಂಡವರು ಯಾರು, ಯಾವ ಗಾಡಿಯಲ್ಲಿ ಬಂತು, ಒಡೆದದ್ದು ಎಷ್ಟು ಎಂದು ಕೇಳಿಕೊಂಡು ಬರಬೇಕು. ಡಿಗ್ರಿ ಓದಿ ಬಂದವರಿಗೆ ಇದೇನು ಕೆಲಸ ಎಂದು ಕೆಲವರು ಮುಖ ಸಣ್ಣ ಮಾಡಿಕೊಳ್ಳುತ್ತಾರೆ. ಸಂಜೆ ವಾಪಸ್ ಬಂದು, ‘ಸರ್, ಈ ಬಿಲ್ಲಿನ ಮೂರು ಪೆಟ್ಟಿಗೆ ಇನ್ನೂ ಬಂದೇ ಇಲ್ವಂತೆ’ ಎಂದು ಹೇಳುವವರು ಈ ಕೆಲಸದಲ್ಲಿ ನಿಲ್ಲುತ್ತಾರೆ ಎಂದು ನನಗೆ ಅಂದೇ ಗೊತ್ತಾಗುತ್ತದೆ.

ಅಕೌಂಟ್ಸ್‌ಗೆ ಗಣಿತದಲ್ಲಿ ಭಾರೀ ಬುದ್ಧಿವಂತಿಕೆ ಬೇಕು ಎಂಬ ಭಯ ಎಷ್ಟೋ ಮಕ್ಕಳಿಗಿದೆ. ಕೂಡುವುದು, ಕಳೆಯುವುದು, ಶೇಕಡಾ ತೆಗೆಯುವುದು ಬಂದರೆ ಗಣಿತದ ಮಟ್ಟಿಗೆ ಸಾಕು. ಬೇಕಾದದ್ದು ಬೇರೆ. ಪುಸ್ತಕದಲ್ಲಿ ಬರೆದ ಪ್ರತಿ ಅಂಕಿಯ ಹಿಂದೆ ಒಂದು ವಸ್ತುವೋ, ಒಬ್ಬ ಮನುಷ್ಯನೋ, ಒಂದು ಕಾಗದವೋ ಇರುತ್ತದೆ. ಅದನ್ನು ಕಂಡುಕೊಳ್ಳುವವರೆಗೆ ಆ ಅಂಕಿಯನ್ನು ಬಿಡದ ಹಟ ಬೇಕು. ಮುಂದೆ ಹೇಳುವ ಹೆಜ್ಜೆಗಳೆಲ್ಲ ಆ ಹಟವನ್ನು ರೂಢಿ ಮಾಡಿಕೊಳ್ಳುವ ದಾರಿಗಳು.

ಹೆಜ್ಜೆ 1: ಎಂಟ್ರಿ ಹಾಕುವ ಮೊದಲು ವ್ಯವಹಾರವನ್ನು ಬಾಯಲ್ಲಿ ಹೇಳಿ

ನಾನು ಕೆಲಸ ಕಲಿತದ್ದು ದಾವಣಗೆರೆಯ ಒಂದು ದಲ್ಲಾಳಿ ಅಂಗಡಿಯಲ್ಲಿ. ಅಲ್ಲಿನ ಹಿರಿಯ ಗುಮಾಸ್ತರು ಕಿರ್ದಿ ಪುಸ್ತಕದಲ್ಲಿ (ದಿನದ ವ್ಯವಹಾರ ಬರೆಯುವ ಪುಸ್ತಕ) ಒಂದು ಸಾಲು ಬರೆಯುವ ಮುಂಚೆ ಮೂರು ಪ್ರಶ್ನೆ ಕೇಳುತ್ತಿದ್ದರು: ‘ಏನು ಬಂತು? ಏನು ಹೋಯ್ತು? ಯಾರ ಕಡೆ ಬಾಕಿ ನಿಂತಿತು?’ ಉತ್ತರ ತಡವರಿಸಿದರೆ ಪೆನ್ನು ಕೆಳಗಿಡಿಸುತ್ತಿದ್ದರು. ಡೆಬಿಟ್, ಕ್ರೆಡಿಟ್ ಸೂತ್ರಗಳನ್ನು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದ ನನಗೆ ಅವು ಅರ್ಥವಾದದ್ದು ಈ ಮೂರು ಪ್ರಶ್ನೆಗಳಿಂದ.

ಒಂದು ಉದಾಹರಣೆ ತೆಗೆದುಕೊಳ್ಳಿ. ಬೆಂಗಳೂರಿನ ನಿಮ್ಮ ಅಂಗಡಿಗೆ ಹೊಸೂರಿನಿಂದ 59,000 ರೂಪಾಯಿಯ ಸರಕು ಬಂತು. ನಿಮ್ಮ ಬ್ಯಾಂಕಿನಿಂದ ಅಷ್ಟೂ ಹಣ ಕಳಿಸಿದ್ದೀರಿ. ಅವಸರದಲ್ಲಿರುವವರು 59,000 ಖರೀದಿ ಎಂದು ಬರೆದು ಮುಗಿಸುತ್ತಾರೆ. ಬಾಯಲ್ಲಿ ಹೇಳಿ ನೋಡಿ: 50,000ದ ಸರಕು ಬಂತು, 9,000 ಜಿಎಸ್‌ಟಿ ಕಟ್ಟಿದ್ದೇವೆ, ಅದನ್ನು ನಾವು ಕೊಡಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳಬಹುದು, ಹಾಗಾಗಿ ಅದು ಖರ್ಚಲ್ಲ, ಬ್ಯಾಂಕಿನಿಂದ 59,000 ಹೋಯಿತು. ಇಲ್ಲಿಗೇ ನಿಲ್ಲಬೇಡಿ. ಹೊಸೂರು ನಮಗೆ ಎಷ್ಟೇ ಹತ್ತಿರವಿದ್ದರೂ ತಮಿಳುನಾಡು. ಪೂರೈಕೆದಾರರ 15 ಅಕ್ಷರಗಳ ಜಿಎಸ್‌ಟಿ ಸಂಖ್ಯೆ 33ರಿಂದ ಶುರುವಾಗಿದ್ದರೆ ಅದು ತಮಿಳುನಾಡಿನ ನೋಂದಣಿ, ನಮ್ಮದು 29. ಸರಕು ರಾಜ್ಯದ ಗಡಿ ದಾಟಿ ಬಂದಿರುವುದರಿಂದ ತೆರಿಗೆ ಐಜಿಎಸ್‌ಟಿ, ಅಂದರೆ ರಾಜ್ಯಗಳ ನಡುವಿನ ವ್ಯಾಪಾರದ ಜಿಎಸ್‌ಟಿ. ಅದನ್ನು ರಾಜ್ಯದೊಳಗಿನ ವ್ಯಾಪಾರದಂತೆ ಕೇಂದ್ರದ ಪಾಲು (ಸಿಜಿಎಸ್‌ಟಿ) 4,500, ರಾಜ್ಯದ ಪಾಲು (ಎಸ್‌ಜಿಎಸ್‌ಟಿ) 4,500 ಎಂದು ಒಡೆದು ಹಾಕಿದರೆ ಒಟ್ಟು ಮೊತ್ತ ಸರಿಯಾಗಿಯೇ ಇರುತ್ತದೆ, ಯಾವ ತಂತ್ರಾಂಶವೂ ಕೂಗಿ ಹೇಳುವುದಿಲ್ಲ. ಆದರೆ ತಿಂಗಳ ರಿಟರ್ನ್ ಹೊತ್ತಿಗೆ ಕುತ್ತಿಗೆಗೆ ಬರುತ್ತದೆ.

ಮೊದಲ ಮೂರು ತಿಂಗಳು ದಿನಕ್ಕೆ ಹತ್ತು ಬಿಲ್ ಆದರೂ ಹೀಗೆ ಬಾಯಲ್ಲಿ ಹೇಳಿಕೊಂಡು ಎಂಟ್ರಿ ಹಾಕಿ. ವೇಗ ತಾನಾಗಿ ಬರುತ್ತದೆ.

ಹೆಜ್ಜೆ 2: ದಿನದ ನಗದು, ದಿನದ ಬ್ಯಾಂಕ್

ಸಂಜೆ ಗಲ್ಲಾಪೆಟ್ಟಿಗೆಯ ಹಣ ಎಣಿಸಿ. 500ರ ನೋಟು ಎಷ್ಟು, 200ರದ್ದು ಎಷ್ಟು, ಚಿಲ್ಲರೆ ಎಷ್ಟು ಎಂದು ಚೀಟಿಯಲ್ಲಿ ಬರೆದು ಪುಸ್ತಕದ ಶಿಲ್ಕಿನೊಂದಿಗೆ (ಉಳಿದ ಹಣದ ಲೆಕ್ಕ) ತಾಳೆ ನೋಡಿ, ಸಹಿ ಹಾಕಿ. ಹತ್ತು ರೂಪಾಯಿ ವ್ಯತ್ಯಾಸ ಬಂದರೂ ಅಂದೇ ಹುಡುಕಿ. ‘ಹತ್ತು ರೂಪಾಯಿ ತಾನೆ, ನಾನೇ ಹಾಕ್ತೀನಿ ಬಿಡಿ’ ಎನ್ನುವುದು ಒಳ್ಳೆಯತನದಂತೆ ಕಾಣುತ್ತದೆ, ಆದರೆ ಅದು ತಪ್ಪನ್ನು ಹೂತುಹಾಕುವ ಅಭ್ಯಾಸ. ಆ ಹತ್ತು ರೂಪಾಯಿ, ಬರೆಯದೆ ಬಿಟ್ಟ 510 ಬಂದು 500 ಹೋದದ್ದರ ಉಳಿಕೆಯೂ ಇರಬಹುದು, 5,010 ಬಂದು 5,000 ಹೋದದ್ದರದ್ದೂ ಇರಬಹುದು.

ಪುಸ್ತಕದಲ್ಲಿ ಯಾವುದೋ ಒಂದು ದಿನ ನಗದು ಶಿಲ್ಕು ಮೈನಸ್ ತೋರಿಸುತ್ತಿದ್ದರೆ ಅಲ್ಲೇ ನಿಲ್ಲಿ. ಪೆಟ್ಟಿಗೆಯಲ್ಲಿ ಇಲ್ಲದ ಹಣವನ್ನು ಯಾರೂ ಕೊಡಲಾರರು. ಬಂದ ಹಣ ಬರೆದಿಲ್ಲ, ಅಥವಾ ಖರ್ಚಿನ ತಾರೀಖು ತಪ್ಪಿದೆ, ಅಥವಾ ಮಾಲೀಕರು ಜೇಬಿನಿಂದ ಹಾಕಿದ್ದನ್ನು ಯಾರೂ ಹೇಳಿಲ್ಲ. ತೆರಿಗೆ ಅಧಿಕಾರಿಯಾಗಲಿ ಲೆಕ್ಕ ಪರಿಶೋಧಕರಾಗಲಿ ಮೊದಲು ಕಣ್ಣು ಹಾಯಿಸುವ ಜಾಗಗಳಲ್ಲಿ ಇದೂ ಒಂದು. ಹಾಗೆಯೇ ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ಖರ್ಚನ್ನು ನಗದಿನಲ್ಲಿ ಕೊಟ್ಟರೆ ಆದಾಯ ತೆರಿಗೆಯಲ್ಲಿ ಆ ಖರ್ಚು ಸಾಮಾನ್ಯವಾಗಿ ಮಾನ್ಯವಾಗುವುದಿಲ್ಲ (ಲಾರಿ ಬಾಡಿಗೆಯಂಥ ಸಾಗಣೆ ಪಾವತಿಗೆ ಮಿತಿ 35,000). ಇದು ಹಣ ಕೊಡುವ ಮುಂಚೆ ಹೇಳಬೇಕಾದ ಮಾತು, ಮಾರ್ಚ್ 31ರಂದು ಹೇಳಿದರೆ ಪ್ರಯೋಜನವಿಲ್ಲ.

ಬ್ಯಾಂಕಿನ ತಾಳೆಯನ್ನು ವಾರಕ್ಕೊಮ್ಮೆಯಾದರೂ ಮಾಡಿ. ನಾವು ಕೊಟ್ಟ ಚೆಕ್ಕು ಇನ್ನೂ ಬ್ಯಾಂಕಿಗೆ ಹೋಗಿಲ್ಲ, ನಾವು ಹಾಕಿದ ಚೆಕ್ಕು ಇನ್ನೂ ಜಮಾ ಆಗಿಲ್ಲ, ಬ್ಯಾಂಕ್ ಶುಲ್ಕ ಹಿಡಿದುಕೊಂಡದ್ದು ನಮಗೆ ಗೊತ್ತಿಲ್ಲ, ಯಾರೋ ಯುಪಿಐಯಲ್ಲಿ ಹಣ ಹಾಕಿ ಹೆಸರು ಹೇಳಿಲ್ಲ. ವ್ಯತ್ಯಾಸ ಹೆಚ್ಚಾಗಿ ಈ ನಾಲ್ಕರಲ್ಲಿ ಒಂದು. ಕೊನೆಯದ್ದೇ ಈಗ ದೊಡ್ಡ ತಲೆನೋವು. ಅಂಥ ಹಣವನ್ನು ಯಾರದೆಂದು ತಿಳಿಯುವವರೆಗೆ ‘ಸಸ್ಪೆನ್ಸ್’ ಎಂಬ ತಾತ್ಕಾಲಿಕ ಖಾತೆಗೆ ಹಾಕುವುದು ತಪ್ಪಲ್ಲ. ಹಾಕಿ ಮರೆಯುವುದು ತಪ್ಪು. ಶುಕ್ರವಾರ ಮಧ್ಯಾಹ್ನ ಸಸ್ಪೆನ್ಸ್ ಖಾತೆ ತೆರೆದು ಒಂದೊಂದಕ್ಕೂ ಫೋನ್ ಮಾಡಿ ಖಾಲಿ ಮಾಡುವುದನ್ನು ನಿಯಮ ಮಾಡಿಕೊಳ್ಳಿ.

ಹೆಜ್ಜೆ 3: ವ್ಯತ್ಯಾಸ ಹುಡುಕುವ ಕಲೆ

ಇದರ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಯಾಕೆಂದರೆ ತಾಳ್ಮೆ ಎಂಬ ಗುಣ ಈ ಕೆಲಸದಲ್ಲಿ ರೂಪ ತಾಳುವುದು ಇಲ್ಲೇ.

ನಾವು ವ್ಯವಹರಿಸುವ ಒಬ್ಬ ಪಾರ್ಟಿಯ ಲೆಡ್ಜರಿಗೂ (ಖಾತೆಯ ಪುಸ್ತಕ) ನಮ್ಮ ಲೆಡ್ಜರಿಗೂ 900 ರೂಪಾಯಿ ವ್ಯತ್ಯಾಸ ಬಂದಿದೆ ಎನ್ನೋಣ. ಮೊದಲು ಅದನ್ನು 9ರಿಂದ ಭಾಗಿಸಿ. ಶೇಷವಿಲ್ಲದೆ ಹೋದರೆ ಅಂಕಿಗಳು ಅದಲುಬದಲಾದ ಸಾಧ್ಯತೆ ಹೆಚ್ಚು: 5,400 ಬರೆಯಬೇಕಾದಲ್ಲಿ 4,500. ಸೊನ್ನೆ ಬಿಟ್ಟುಹೋದರೂ ಹೀಗೇ ಆಗುತ್ತದೆ. 1,200ರ ಬದಲು 120 ಬಿದ್ದರೆ ವ್ಯತ್ಯಾಸ 1,080, ಅದೂ 9ರಿಂದ ಭಾಗವಾಗುತ್ತದೆ. 9ರಿಂದ ಭಾಗವಾಗದಿದ್ದರೆ ಅರ್ಧ ಮಾಡಿ. 3,250 ವ್ಯತ್ಯಾಸವಿದ್ದರೆ 1,625ರ ಎಂಟ್ರಿ ಹುಡುಕಿ; ಡೆಬಿಟ್ ಆಗಬೇಕಾದದ್ದು ಕ್ರೆಡಿಟ್ ಕಡೆ ಬಿದ್ದಿದ್ದರೆ ವ್ಯತ್ಯಾಸ ದುಪ್ಪಟ್ಟಾಗಿ ಕಾಣುತ್ತದೆ. ಅದೂ ಸಿಗದಿದ್ದರೆ ಇಡೀ 3,250ರ ಒಂದು ಬಿಲ್ಲೋ ರಸೀದಿಯೋ ಒಂದು ಕಡೆ ಇದ್ದು ಇನ್ನೊಂದು ಕಡೆ ಇಲ್ಲವೇ ನೋಡಿ. ಕೊನೆಗೆ, ಯಾವ ತಾರೀಖಿನವರೆಗೆ ಎರಡೂ ಲೆಡ್ಜರ್ ಸರಿಯಾಗಿ ಹೊಂದುತ್ತಿದ್ದವು ಎಂಬುದನ್ನು ಪತ್ತೆ ಮಾಡಿ. ವರ್ಷದ ಮಧ್ಯಕ್ಕೆ ಹೋಗಿ, ಸೆಪ್ಟೆಂಬರ್ 30ರ ಬಾಕಿ ಹೊಂದಿದರೆ ತಪ್ಪು ಅದರ ಆಚೆ ಇದೆ. ಮತ್ತೆ ಅರ್ಧ ಮಾಡಿ. ನಾಲ್ಕೈದು ಸಲ ಹೀಗೆ ಮಾಡಿದರೆ ಹತ್ತು ಹನ್ನೆರಡು ದಿನದ ಅವಧಿಗೆ ಬಂದು ನಿಲ್ಲುತ್ತೀರಿ. ಮೇಲಿನಿಂದ ಒಂದೊಂದೇ ಸಾಲಿಗೆ ಟಿಕ್ ಹಾಕುತ್ತ ಕೂರುವವರು ಮಧ್ಯಾಹ್ನದ ಹೊತ್ತಿಗೆ ಸುಸ್ತಾಗಿ, ಕಣ್ಣೆದುರಿನ ತಪ್ಪನ್ನೇ ದಾಟಿ ಹೋಗುತ್ತಾರೆ.

ಕೈಬರಹದ ಕಾಲದಲ್ಲಿ ತಾಳೆ ಪಟ್ಟಿಯ (ಟ್ರಯಲ್ ಬ್ಯಾಲೆನ್ಸ್) ಡೆಬಿಟ್, ಕ್ರೆಡಿಟ್ ಎರಡೂ ಕಡೆ ಹೊಂದದಿದ್ದರೆ ತಪ್ಪಾಗಿದೆ ಎಂದು ತಿಳಿಯುತ್ತಿತ್ತು. ಟ್ಯಾಲಿಯಂಥ ತಂತ್ರಾಂಶದಲ್ಲಿ ಎರಡು ಬದಿ ಹೊಂದದೆ ವೋಚರ್ ಉಳಿಯುವುದೇ ಇಲ್ಲ, ಹಾಗಾಗಿ ತಾಳೆ ಪಟ್ಟಿ ಸದಾ ಹೊಂದಿಕೊಂಡೇ ಇರುತ್ತದೆ. ಇದನ್ನು ನೋಡಿ ‘ಎಲ್ಲಾ ಟ್ಯಾಲಿ ಆಗಿದೆ ಸರ್’ ಎಂದು ನೆಮ್ಮದಿಯಾಗಿ ಇರುವವರನ್ನು ಕಂಡರೆ ನನಗೆ ಕಳವಳವಾಗುತ್ತದೆ. ಖರ್ಚಿನ ಖಾತೆಗೆ ಹೋಗಬೇಕಾದ ಯಂತ್ರದ ರಿಪೇರಿ ಯಂತ್ರದ ಖಾತೆಗೇ ಸೇರಿರಬಹುದು. ಒಂದೇ ಹೆಸರಿನ ಇಬ್ಬರು ಪಾರ್ಟಿಗಳಲ್ಲಿ ಒಬ್ಬರ ಹಣ ಇನ್ನೊಬ್ಬರಿಗೆ ಜಮಾ ಆಗಿರಬಹುದು. ಬಿಲ್ಲೇ ದಾಖಲಾಗದೆ ಫೈಲಿನಲ್ಲಿ ಮಲಗಿರಬಹುದು. ತಾಳೆ ಪಟ್ಟಿಗೆ ಇವು ಯಾವುವೂ ಕಾಣುವುದಿಲ್ಲ.

ನನ್ನ ಎರಡನೇ ವರ್ಷದಲ್ಲಿ ಆದದ್ದು ಹೇಳುತ್ತೇನೆ. ವರ್ಷಾಂತ್ಯದ ದಾಸ್ತಾನು ಪುಸ್ತಕಕ್ಕಿಂತ ಗೋದಾಮಿನಲ್ಲಿ ಹೆಚ್ಚಿತ್ತು. ಕಡಿಮೆ ಬಂದರೆ ಗಾಬರಿ, ಹೆಚ್ಚಿದ್ದರೆ ಏನು ಮಹಾ ಎಂದುಕೊಂಡು ನಾನು ಎಣಿಸಿದ ಅಂಕಿಯನ್ನೇ ಬರೆದುಬಿಟ್ಟೆ. ನಿಜದಲ್ಲಿ ಒಬ್ಬ ಗಿರಾಕಿ ಸರಕು ವಾಪಸ್ ಕಳಿಸಿದ್ದರು, ಗೋದಾಮಿನವರು ಇಳಿಸಿಕೊಂಡಿದ್ದರು, ನಾನು ಅವರ ಬಾಕಿ ಇಳಿಸುವ ಕ್ರೆಡಿಟ್ ನೋಟ್ ಮಾಡಿರಲಿಲ್ಲ. ಆ ಗಿರಾಕಿಗೆ ನಾವು ಎರಡು ತಿಂಗಳು ಬಾಕಿ ಕೊಡಿ ಎಂದು ಫೋನ್ ಮಾಡುತ್ತಲೇ ಇದ್ದೆವು. ಅವರು ಬೇಸತ್ತು ವ್ಯಾಪಾರವನ್ನೇ ನಿಲ್ಲಿಸಿದರು. ಒಂದು ಸಲ ಗೋದಾಮಿಗೆ ಹೋಗಿ ‘ಇದು ಎಲ್ಲಿಂದ ಬಂತಣ್ಣ?’ ಎಂದು ಕೇಳಿದ್ದರೆ ಮುಗಿಯುತ್ತಿತ್ತು. ಹೊಸಬರನ್ನು ಮೊದಲ ದಿನವೇ ಗೋದಾಮಿಗೆ ಕಳಿಸುವ ರೂಢಿ ನನಗೆ ಬಂದದ್ದು ಆ ನೋವಿನಿಂದ.

ಹೆಜ್ಜೆ 4: ತಾರೀಖುಗಳು ನಿದ್ದೆಯಲ್ಲೂ ನೆನಪಿರಲಿ

ತಿಂಗಳಿಗೆ ರಿಟರ್ನ್ ಸಲ್ಲಿಸುವ ಸಂಸ್ಥೆಯಾದರೆ ತಿಂಗಳ ಲಯ ಹೀಗಿರುತ್ತದೆ: 7ಕ್ಕೆ ಹಿಂದಿನ ತಿಂಗಳ ಟಿಡಿಎಸ್, ಅಂದರೆ ಪಾವತಿ ಮಾಡುವಾಗ ಮುರಿದುಕೊಂಡ ಆದಾಯ ತೆರಿಗೆ, ಕಟ್ಟಬೇಕು (ಮಾರ್ಚ್ ತಿಂಗಳದ್ದಕ್ಕೆ ಏಪ್ರಿಲ್ 30ರವರೆಗೆ ಸಮಯ), 11ಕ್ಕೆ ನಮ್ಮ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 14ಕ್ಕೆ ಜಿಎಸ್‌ಟಿಆರ್-2ಬಿ (ನಮಗೆ ಮಾರಿದವರು ತೋರಿಸಿದ ಬಿಲ್‌ಗಳ ಪಟ್ಟಿ) ಸಿಗುತ್ತದೆ, 15ಕ್ಕೆ ನೌಕರರ ಪಿಎಫ್ (ಭವಿಷ್ಯನಿಧಿ) ಮತ್ತು ಇಎಸ್‌ಐ (ವಿಮೆ), 20ಕ್ಕೆ ತೆರಿಗೆ ಲೆಕ್ಕ ಹಾಕಿ ಕಟ್ಟುವ ಜಿಎಸ್‌ಟಿಆರ್-3ಬಿ. ಇವನ್ನು ಮೇಜಿನ ಮೇಲೆ ಬರೆದು ಅಂಟಿಸಿ; ಆದರೆ ನಿಮ್ಮ ಸ್ವಂತ ಗಡುವನ್ನು ಮೂರು ದಿನ ಮೊದಲೇ ಇಟ್ಟುಕೊಳ್ಳಿ. ಕೊನೆಯ ದಿನ ಪೋರ್ಟಲ್ ನಿಧಾನ, ಒಟಿಪಿ ಹೋಗುವ ಮೊಬೈಲ್ ಮಾಲೀಕರ ಜೇಬಿನಲ್ಲಿ, ಮಾಲೀಕರು ಧರ್ಮಸ್ಥಳದಲ್ಲಿ.

ಗಡುವು ತಪ್ಪಿದರೆ ದಂಡ ಎಂದಷ್ಟೇ ಹೊಸಬರು ತಿಳಿದಿರುತ್ತಾರೆ. ತಡವಾಗಿ ಕಟ್ಟಿದ ಜಿಎಸ್‌ಟಿಗೆ ವರ್ಷಕ್ಕೆ ಶೇ 18ರ ಬಡ್ಡಿ ಇದೆ, ನಿಜ. ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿದೆ. ನಾವು ಜಿಎಸ್‌ಟಿಆರ್-1 ಹಾಕದಿದ್ದರೆ ನಮ್ಮ ಬಿಲ್ ಗಿರಾಕಿಯ 2ಬಿಯಲ್ಲಿ ಕಾಣುವುದಿಲ್ಲ; ಅವರು ಕಟ್ಟಿದ ತೆರಿಗೆಯನ್ನು ಅವರು ಮುರಿದುಕೊಳ್ಳಲಾಗುವುದಿಲ್ಲ. ನಿಮ್ಮ ಒಂದು ದಿನದ ಸೋಮಾರಿತನಕ್ಕೆ ಇನ್ನೊಬ್ಬರ ದುಡ್ಡು ಸಿಕ್ಕಿಹಾಕಿಕೊಳ್ಳುತ್ತದೆ.

ಹೆಜ್ಜೆ 5: ಎಕ್ಸೆಲ್ ಚೆನ್ನಾಗಿ ಬರಬೇಕು

ಟ್ಯಾಲಿ ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲೇ. ಶ್ಯಾಮ್ ಸುಂದರ್ ಗೋಯೆಂಕಾ ತಮ್ಮ ವ್ಯಾಪಾರದ ಲೆಕ್ಕ ನೋಡಲು ತಕ್ಕ ತಂತ್ರಾಂಶ ಸಿಗದೆ, ಗಣಿತ ಓದಿದ್ದ ಮಗ ಭರತ್ ಗೋಯೆಂಕಾ ಅವರಿಗೆ ಒಂದನ್ನು ಬರೆಯಲು ಹೇಳಿದರು. 1986ರಲ್ಲಿ ಪ್ಯೂಟ್ರಾನಿಕ್ಸ್ ಎಂಬ ಹೆಸರಲ್ಲಿ ಕಂಪನಿ ಶುರುವಾಯಿತು. ಅಂಗಡಿಯ ಲೆಕ್ಕದ ಅಗತ್ಯದಿಂದ ಹುಟ್ಟಿದ್ದಕ್ಕೇ ಅದು ಅಂಗಡಿಯವರ ಕೈಗೆ ಬೇಗ ಒಗ್ಗುತ್ತದೆ. ಒಂದೆರಡು ತಿಂಗಳಲ್ಲಿ ನೀವು ಕಲಿಯುತ್ತೀರಿ.

ಎಕ್ಸೆಲ್ ಹಾಗಲ್ಲ, ಅದನ್ನು ಕೂತು ಕಲಿಯಬೇಕು. ಸಮ್‌ಇಫ್ಸ್, ಎಕ್ಸ್‌ಲುಕ್‌ಅಪ್ ಅಥವಾ ವಿಲುಕ್‌ಅಪ್, ಪಿವಟ್ ಟೇಬಲ್, ಇಷ್ಟು ಗಟ್ಟಿ ಮಾಡಿಕೊಂಡರೆ ನಿತ್ಯದ ಹೆಚ್ಚಿನ ಕೆಲಸ ನಡೆಯುತ್ತದೆ. ನಮ್ಮ ಖರೀದಿ ಪಟ್ಟಿಯನ್ನು 2ಬಿ ಜೊತೆ ತಾಳೆ ನೋಡುವುದು ಒಳ್ಳೆಯ ಅಭ್ಯಾಸದ ಪಾಠ. ಮೊದಲ ಸಲ ಅರ್ಧದಷ್ಟು ಬಿಲ್ ಹೊಂದುವುದಿಲ್ಲ. ಅವರ ಬಿಲ್ ಸಂಖ್ಯೆಯಲ್ಲಿ ‘0045’ ಎಂದಿರುತ್ತದೆ, ನಾವು ‘45’ ಎಂದು ಹಾಕಿರುತ್ತೇವೆ. ಕೆಲವು ಕಡೆ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ಖಾಲಿ ಜಾಗ. ಕೆಲವು ಕಡೆ ಸಂಖ್ಯೆ ಅಕ್ಷರದ ರೂಪದಲ್ಲಿ ಕೂತಿರುತ್ತದೆ. ಟ್ರಿಮ್, ವ್ಯಾಲ್ಯೂ ಸೂತ್ರಗಳಿಂದ ಸ್ವಚ್ಛ ಮಾಡಿ, ಆಮೇಲೆ ಜಿಎಸ್‌ಟಿ ಸಂಖ್ಯೆ ಮತ್ತು ಬಿಲ್ ಸಂಖ್ಯೆ ಎರಡನ್ನೂ ಜೋಡಿಸಿ ಹುಡುಕಿ. ಬಿಲ್ ಸಂಖ್ಯೆ ಒಂದನ್ನೇ ನಂಬಬೇಡಿ, 45ನೇ ಬಿಲ್ ಎಲ್ಲ ಅಂಗಡಿಯಲ್ಲೂ ಇರುತ್ತದೆ.

ಹೆಜ್ಜೆ 6: ಬಾಯಿ ಬಿಡಿ

ಅಕೌಂಟೆಂಟ್ ಎಂದರೆ ತಲೆ ಬಗ್ಗಿಸಿ ಮೂಲೆಯಲ್ಲಿ ಕೂತವರು ಎಂಬ ಚಿತ್ರ ಇದೆ. ನನ್ನ ಅನುಭವದಲ್ಲಿ ಮುಂದೆ ಬಂದವರೆಲ್ಲ ಮಾತಾಡಬಲ್ಲವರು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಎನ್ನುವ ಸ್ಥಿತಿ ಬಾರದಂತೆ ಬಾಕಿ ವಸೂಲಿಗೆ ಫೋನ್ ಮಾಡಬೇಕು, ಆದರೆ ಸಂಬಂಧ ಕೆಡಬಾರದು. ಬರೀ ‘ದುಡ್ಡು ಹಾಕಿ ಸರ್’ ಎಂದರೆ ನಾಳೆ ಎನ್ನುತ್ತಾರೆ. ‘ಅಣ್ಣ, ನಿಮ್ಮ 12ನೇ ತಾರೀಖಿನ ಬಿಲ್ 38,400 ಇದೆ, ಅದರಲ್ಲಿ ನೀವು 20,000 ಹಾಕಿದೀರಿ, ಉಳಿದದ್ದು 18,400 ಸರಿನಾ? ಲೆಡ್ಜರ್ ಕಾಪಿ ಕಳಿಸಲಾ?’ ಎಂದರೆ ಮಾತು ಬೇರೆ ದಾರಿಗೆ ಬರುತ್ತದೆ. ಲೆಕ್ಕ ಕೈಯಲ್ಲಿ ಇಟ್ಟುಕೊಂಡು ವಿನಯದಿಂದ ಕೇಳುವವರಿಗೆ ಸುಳ್ಳು ಹೇಳುವುದು ಕಷ್ಟ.

ಇನ್ನು ಮಾಲೀಕರು. ವರ್ಷಕ್ಕೊಮ್ಮೆಯಾದರೂ ಅವರು ಕೇಳುವ ಪ್ರಶ್ನೆ ಒಂದೇ: ‘ಲಾಭ ಆರು ಲಕ್ಷ ಅಂತೀರಲ್ಲ, ದುಡ್ಡೆಲ್ಲಿ?’ ಇದಕ್ಕೆ ಒಂದು ಹಾಳೆಯಲ್ಲಿ ಉತ್ತರಿಸಲು ಬರಬೇಕು. ಲಾಭ 6,00,000. ಯಂತ್ರದ ಸವಕಳಿ 1,00,000 ಕಳೆದು ಈ ಲಾಭ ಬಂದದ್ದು, ಆದರೆ ಆ ಹಣ ಕೈಬಿಟ್ಟು ಹೋಗಿಲ್ಲ, ಹಾಗಾಗಿ ಒಟ್ಟು 7,00,000. ಗಿರಾಕಿಗಳ ಉದ್ರಿ ಹೋದ ವರ್ಷಕ್ಕಿಂತ 2,50,000 ಹೆಚ್ಚಾಗಿದೆ. ದಾಸ್ತಾನು 1,00,000 ಹೆಚ್ಚಾಗಿದೆ. ಸಾಲದ ಅಸಲು 1,00,000 ತೀರಿಸಿದ್ದೀರಿ. ಮನೆ ಖರ್ಚಿಗೆ ತಿಂಗಳಿಗೆ 20,000ದಂತೆ 2,40,000 ತೆಗೆದಿದ್ದೀರಿ. ಬ್ಯಾಂಕಿನಲ್ಲಿ ಹೆಚ್ಚಾದದ್ದು 10,000. ಇದನ್ನು ಅವರಿಗೆ ತಿಳಿಯುವ ಮಾತಿನಲ್ಲಿ, ‘ನಿಮ್ಮ ಲಾಭ ಗೋದಾಮಿನಲ್ಲೂ ಗಿರಾಕಿಗಳ ಜೇಬಿನಲ್ಲೂ ಇದೆ ಸರ್’ ಎಂದು ಹೇಳಿದ ದಿನದಿಂದ ಅವರು ನಿಮ್ಮನ್ನು ಕೇಳದೆ ದೊಡ್ಡ ಖರೀದಿ ಮಾಡುವುದಿಲ್ಲ.

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದೂ ಬಾಯಿ ಬಿಡುವುದರ ಭಾಗವೇ. ‘ಸಂಜೆ ನೋಡಿ ಹೇಳ್ತೀನಿ ಸರ್’ ಎಂದು ಸಂಜೆಗೇ ಹೇಳಿದರೆ ಮರ್ಯಾದೆ ಹೆಚ್ಚುತ್ತದೆ.

ಹೆಜ್ಜೆ 7: ಇಲ್ಲ ಎನ್ನಲು ಕಲಿಯಿರಿ

ಇದು ಎಲ್ಲಕ್ಕಿಂತ ಕಷ್ಟದ್ದು. ಕೆಲಸಕ್ಕೆ ಸೇರಿದ ಒಂದೆರಡು ವರ್ಷದಲ್ಲಿ ಯಾರಾದರೂ ನಿಮ್ಮನ್ನು ಕೇಳಿಯೇ ಕೇಳುತ್ತಾರೆ: ಸರಕು ಇಲ್ಲದೆ ಬರೀ ಬಿಲ್ ಹಾಕಿ, ತಾರೀಖು ಸ್ವಲ್ಪ ಹಿಂದೆ ಮಾಡಿ, ದಾಸ್ತಾನು ಒಂದಿಷ್ಟು ಏರಿಸಿ ಬ್ಯಾಂಕಿಗೆ ಕೊಡೋಣ. ಕೇಳುವವರು ಕೆಟ್ಟವರೇ ಆಗಿರಬೇಕಿಲ್ಲ. ಸಾಲದ ಒತ್ತಡದಲ್ಲಿರುವ ಒಳ್ಳೆಯ ಮಾಲೀಕರೂ ಕೇಳುತ್ತಾರೆ. ಅದಕ್ಕೇ ಇಲ್ಲ ಎನ್ನುವುದು ಕಷ್ಟ.

ಹೈದರಾಬಾದಿನ ಸತ್ಯಂ ಕಂಪನಿಯ ಪ್ರಕರಣವನ್ನು ಪ್ರತಿ ಅಕೌಂಟ್ಸ್ ವಿದ್ಯಾರ್ಥಿ ಓದಬೇಕು. 2009ರ ಜನವರಿ 7ರಂದು ಅದರ ಅಧ್ಯಕ್ಷ ರಾಮಲಿಂಗ ರಾಜು ಪತ್ರ ಬರೆದು ಒಪ್ಪಿಕೊಂಡರು: ಪುಸ್ತಕದಲ್ಲಿದ್ದ ನಗದು ಮತ್ತು ಬ್ಯಾಂಕ್ ಬಾಕಿಯಲ್ಲಿ 5,040 ಕೋಟಿ ರೂಪಾಯಿ ಇರಲೇ ಇಲ್ಲ. ನಿಜವಾದ ಲಾಭಕ್ಕೂ ತೋರಿಸಿದ ಲಾಭಕ್ಕೂ ಮೊದಲು ಇದ್ದದ್ದು ಸಣ್ಣ ಅಂತರ, ಅದು ವರ್ಷದಿಂದ ವರ್ಷಕ್ಕೆ ಬೆಳೆಯಿತು ಎಂಬುದು ಆ ಪತ್ರದಲ್ಲೇ ಇತ್ತು. ಬ್ಯಾಂಕಿನ ದಾಖಲೆಗಳನ್ನೇ ಖೋಟಾ ಮಾಡಲಾಗಿತ್ತು. ಎರಡನೇ ಹೆಜ್ಜೆಯಲ್ಲಿ ಹೇಳಿದ ಬ್ಯಾಂಕ್ ತಾಳೆಯ ಬೆಲೆ ಏನು ಎಂಬುದು ಇಲ್ಲಿ ಕಾಣುತ್ತದೆ. ಸ್ಟೇಟ್‌ಮೆಂಟನ್ನು ಬೇರೆಯವರ ಕೈಯಿಂದ ಇಸಿದುಕೊಂಡು ತಾಳೆ ನೋಡಬೇಡಿ. ಸಾಧ್ಯವಿದ್ದಷ್ಟೂ ನೀವೇ ಬ್ಯಾಂಕಿನಿಂದ ನೇರವಾಗಿ ತೆಗೆಯಿರಿ.

ಇಲ್ಲ ಎನ್ನುವುದಕ್ಕೂ ಒಂದು ಕ್ರಮವಿದೆ. ಮಾಲೀಕರಿಗೆ ಉಪದೇಶ ಮಾಡಬೇಡಿ. ಏನಾಗುತ್ತದೆ ಎಂದು ಹೇಳಿ. ಸರಕಿಲ್ಲದ ಬಿಲ್ಲಿಗೆ ಲಾರಿಯ ಇ-ವೇ ಬಿಲ್ (ಸರಕು ಸಾಗಣೆಯ ಆನ್‌ಲೈನ್ ದಾಖಲೆ) ಇರುವುದಿಲ್ಲ ಅಥವಾ ಸುಳ್ಳಿರುತ್ತದೆ, ಸಿಕ್ಕಿಬಿದ್ದರೆ ತೆರಿಗೆ, ಬಡ್ಡಿ, ದಂಡ, ಮೊತ್ತ ದೊಡ್ಡದಾದರೆ ಜೈಲು. ಕಂಪನಿಯಾಗಿದ್ದರೆ 2023ರ ಏಪ್ರಿಲ್ 1ರಿಂದ ತಂತ್ರಾಂಶವೇ ಪ್ರತಿ ತಿದ್ದುಪಡಿಯನ್ನು ದಾಖಲಿಸಿಕೊಳ್ಳಬೇಕು, ಅದನ್ನು ಆಫ್ ಮಾಡಿಡುವಂತಿಲ್ಲ. ಯಾವ ದಿನ ಯಾವ ಲಾಗಿನ್ನಿನಿಂದ ತಾರೀಖು ಬದಲಾಯಿತು ಎಂಬುದು ಉಳಿಯುತ್ತದೆ. ಆ ಲಾಗಿನ್ ನಿಮ್ಮದಾಗಿರುತ್ತದೆ. ಜೊತೆಗೆ ಇನ್ನೊಂದು ದಾರಿಯನ್ನೂ ತೋರಿಸಿ: ಸಾಲದ ಕಂತು ಮುಂದೂಡಲು ಬ್ಯಾಂಕಿಗೆ ಪತ್ರ, ಹಳೆಯ ಉದ್ರಿ ವಸೂಲಿ, ಓಡದ ಸರಕಿನ ಮಾರಾಟ. ಅಷ್ಟಾದರೂ ಒತ್ತಾಯ ಮುಂದುವರಿದರೆ ಆ ಕೆಲಸ ಬಿಡಿ. ಮನೆಯಲ್ಲಿ ಸಂಬಳ ಕಾಯುವವರಿದ್ದಾಗ ಇದು ಎಷ್ಟು ಭಾರದ ಮಾತು ಎಂದು ನನಗೆ ಗೊತ್ತು, ಗೊತ್ತಿದ್ದೇ ಹೇಳುತ್ತಿದ್ದೇನೆ.

ಸಂಬಳದ ಪಟ್ಟಿ, ಪಾಲುದಾರರ ಖಾತೆ, ಮಾಲೀಕರ ಡಿಜಿಟಲ್ ಸಹಿ ಇವೆಲ್ಲ ನಿಮ್ಮ ಕೈಯಲ್ಲಿರುತ್ತವೆ. ಚಹಾ ಕುಡಿಯುವಾಗ ಕೂಡ ಅವು ಬಾಯಿಗೆ ಬರಬಾರದು.

ಹೆಜ್ಜೆ 8: ಓದು ನಿಲ್ಲಿಸಬೇಡಿ

2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಬದಲಾದವು. ಶೇ 12 ಮತ್ತು ಶೇ 28ರಲ್ಲಿದ್ದ ಬಹುತೇಕ ಸರಕು ಶೇ 5 ಮತ್ತು ಶೇ 18ಕ್ಕೆ ಬಂತು. ಸಿಮೆಂಟ್ ಶೇ 28ರಿಂದ 18ಕ್ಕೆ ಇಳಿಯಿತು. ಅಂದು ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ತಂತ್ರಾಂಶದಲ್ಲಿ ದರ ಬದಲಿಸಿದವರು ನಿರಾಳವಾಗಿದ್ದರು. ಮೊದಲೇ ಮಾರಿದ್ದ ಸರಕು ಆಮೇಲೆ ವಾಪಸ್ ಬಂದರೆ ಕ್ರೆಡಿಟ್ ನೋಟ್ ಹಳೆಯ ದರದಲ್ಲೇ ಆಗಬೇಕು ಎಂದು ಗೊತ್ತಿದ್ದವರು ಇನ್ನೂ ನಿರಾಳ. 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ. ಬಾಯಿಪಾಠವಾಗಿದ್ದ ಸೆಕ್ಷನ್ ಸಂಖ್ಯೆಗಳನ್ನು ಹಿರಿಯರೂ ಹೊಸದಾಗಿ ಕಲಿಯಬೇಕು. ಹೊಸಬರಿಗೆ ಇದು ಒಳ್ಳೆಯ ಕಾಲ, ಎಲ್ಲರೂ ಒಂದೇ ಗೆರೆಯಲ್ಲಿ ನಿಂತಿದ್ದಾರೆ.

ಹಂಬಲವಿದ್ದರೆ ಸಿಎಗೂ ದಾರಿ ಇದೆ. ವಾಣಿಜ್ಯ ಪದವಿಯಲ್ಲಿ ಶೇ 55 ಅಂಕವಿದ್ದರೆ ಫೌಂಡೇಶನ್ ಪರೀಕ್ಷೆಯಿಲ್ಲದೆ ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಸೇರಬಹುದು, ಸಿಎ ಒಬ್ಬರ ಕೈಕೆಳಗೆ ಕೆಲಸ ಕಲಿಯುವ ಆರ್ಟಿಕಲ್‌ಶಿಪ್ ಈಗ ಎರಡು ವರ್ಷ. ಸಿಎ ಆಗದಿದ್ದರೆ ಬದುಕಿಲ್ಲ ಎಂದು ಮಾತ್ರ ಕೊರಗಬೇಡಿ. ಒಂದು ಅಂಗಡಿಯ ಲೆಕ್ಕವನ್ನು ಪೂರ್ತಿಯಾಗಿ ಬಲ್ಲ ಅಕೌಂಟೆಂಟರಿಗೆ ಬೆಂಗಳೂರಿನ ಪೀಣ್ಯದಿಂದ ಹುಬ್ಬಳ್ಳಿಯ ಅಮರಗೋಳದವರೆಗೆ ಕೆಲಸವಿದೆ.

ಕೆಲಸ ಇನ್ನೂ ಸಿಕ್ಕಿಲ್ಲದವರು ಇಂದೇ ಶುರು ಮಾಡಬಹುದು. ಮನೆಯ ಯಾರದಾದರೂ ಒಂದು ಬ್ಯಾಂಕ್ ಪಾಸ್‌ಬುಕ್ ಕೇಳಿ ತೆಗೆದುಕೊಳ್ಳಿ. ಒಂದು ತಿಂಗಳ ಪ್ರತಿ ಸಾಲಿನ ಮುಂದೆ ಅದು ಯಾವುದಕ್ಕೆ, ಯಾರಿಗೆ, ಕಾಗದ ಎಲ್ಲಿದೆ ಎಂದು ಬರೆಯಿರಿ. ಕರೆಂಟ್ ಬಿಲ್, ಗ್ಯಾಸ್, ಚೀಟಿ ಹಣ, ಕಿರಾಣಿ ಅಂಗಡಿಗೆ ಹಾಕಿದ ಯುಪಿಐ. ಐದಾರು ಸಾಲಿಗೆ ಮನೆಯಲ್ಲಿ ಯಾರಿಗೂ ಉತ್ತರ ಗೊತ್ತಿರುವುದಿಲ್ಲ. ಅವನ್ನು ಹುಡುಕಿ ಮುಗಿಸಿ, ಆ ಹಾಳೆಯನ್ನು ಸಂದರ್ಶನಕ್ಕೆ ಜೊತೆಯಲ್ಲಿ ತನ್ನಿ.